ಮದುವೆ ಮಾತುಕತೆಯಲ್ಲಿ ಒಂದು ತಪ್ಪು ಪ್ರಶ್ನೆ

ಹೆಣ್ಣು ನೋಡಲು ಬಂದವರು ಚಹಾ ಕುಡಿದು ಮುಗಿಸುವ ಹೊತ್ತಿಗೆ ಅವರಲ್ಲೊಬ್ಬ ಹಿರಿಯ ಹೆಂಗಸು ಮೆಲ್ಲನೆ ಕೇಳುವ ಪ್ರಶ್ನೆಯೊಂದಿದೆ. “ಮನೆಯಲ್ಲಿ ಯಾರಿಗೂ ದೊಡ್ಡ ಕಾಯಿಲೆ ಇಲ್ಲ ತಾನೇ?” ದೊಡ್ಡ ಕಾಯಿಲೆ ಎಂದರೆ ಸಕ್ಕರೆ ಕಾಯಿಲೆಯಲ್ಲ, ಬಿ.ಪಿ.ಯೂ ಅಲ್ಲ. ಅವು ಈಗ ಯಾರ ಮನೆಯಲ್ಲಿಲ್ಲ? ಕೇಳುವವರಿಗೂ ಉತ್ತರಿಸುವವರಿಗೂ ಗೊತ್ತು, ಕೇಳುತ್ತಿರುವುದು ಕ್ಯಾನ್ಸರ್ ಬಗ್ಗೆ. ಆ ಹೆಸರನ್ನು ಬಾಯಿಬಿಟ್ಟು ಹೇಳಲಿಕ್ಕೂ ನಮಗೆ ಹೆದರಿಕೆ.

ನಮ್ಮ ಸಂಬಂಧಿಕರಲ್ಲಿ ಒಬ್ಬರು ತಾಯಿ, ವಯಸ್ಸು ನಲವತ್ತೈದರ ಆಸುಪಾಸು, ಎದೆಯಲ್ಲಿ ಗಂಟು ಕಾಣಿಸಿಕೊಂಡದ್ದನ್ನು ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಹಿರಿಯ ಮಗಳ ನಿಕಾಹ್ ನಿಶ್ಚಯವಾಗಿತ್ತು. ಎರಡನೆಯವಳಿಗೆ ಸಂಬಂಧ ಬರುತ್ತಿತ್ತು. ಗಂಡನಿಗೂ ಹೇಳಲಿಲ್ಲ. ವಲೀಮಾ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಒಂದು ರಾತ್ರಿ, ತಂಗಿಯ ಬಳಿ ಹೇಳಿಕೊಂಡರು. ಆಗ ಗಂಟು ಕಂಕುಳಿಗೆ ಹರಡಿತ್ತು. ಬೇಗ ಬಂದಿದ್ದರೆ ಚಿಕಿತ್ಸೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದು ವೈದ್ಯರು ಹೇಳಿದಾಗ ಅವರು ಕೊಟ್ಟ ಉತ್ತರ ಒಂದೇ: “ನನ್ನಿಂದಾಗಿ ನನ್ನ ಮಕ್ಕಳ ಮೇಲೆ ಕಪ್ಪು ಚುಕ್ಕೆ ಬೀಳುವುದು ಬೇಡ ಅಂತ ಸುಮ್ಮನಿದ್ದೆ ಡಾಕ್ಟರೇ.”

ಈ ಕಪ್ಪು ಚುಕ್ಕೆಯ ಬಗ್ಗೆಯೇ ಬರೆಯಬೇಕೆಂದು ಕೂತಿದ್ದೇನೆ. ಕ್ಯಾನ್ಸರ್ ಎಂದರೆ ರಕ್ತದಲ್ಲಿ ಬರುವುದು, ವಂಶದ ದೋಷ, ತಾಯಿಗೆ ಬಂದರೆ ಮಗಳಿಗೆ ಬಂದೇ ಬರುತ್ತದೆ ಎಂಬ ನಂಬಿಕೆ ನಮ್ಮ ಮೊಹಲ್ಲಾಗಳಲ್ಲಿ ಬಲವಾಗಿ ಬೇರೂರಿದೆ. ಓದಿದವರಲ್ಲೂ ಇದೆ, ಅವರು ಅದನ್ನು ‘ಜೆನೆಟಿಕ್’ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಕ್ಯಾನ್ಸರ್ ವಂಶವಾಹಿಗಳಿಗೆ ಸಂಬಂಧಿಸಿದ ರೋಗ ಎಂಬುದು ನಿಜ. ಆದರೆ ಅದರಿಂದ ಅದು ವಂಶಪಾರಂಪರ್ಯವಾಗಿ ಬರುವ ರೋಗ ಎಂದಾಗುವುದಿಲ್ಲ. ಈ ಎರಡು ಮಾತುಗಳ ನಡುವಿನ ಅಂತರವನ್ನು ಕಳೆದ ಮೂವತ್ತು ವರ್ಷಗಳಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟ ಸಂಗತಿಗಳಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ ಅತಿ ಸಣ್ಣ ಅಣು ಒಂದು. ಇದರ ಶೋಧಕ್ಕೇ 2024ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಅಮೆರಿಕದ ವಿಜ್ಞಾನಿಗಳಾದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ ಸಿಕ್ಕಿತು.

ಅವರು ಅಭ್ಯಾಸ ಮಾಡಿದ್ದು ಮನುಷ್ಯರನ್ನಲ್ಲ, ಒಂದು ಮಿಲಿಮೀಟರ್ ಉದ್ದದ ಹುಳುವನ್ನು. ಆ ಹುಳು ಬೆಳೆಯುವಾಗ ಯಾವ ಅಂಗ ಯಾವ ಹೊತ್ತಿಗೆ ಆಗಬೇಕೆಂಬುದನ್ನು ಯಾರು ನಿರ್ಧರಿಸುತ್ತಾರೆಂದು ಹುಡುಕುತ್ತಾ ಹೋದಾಗ, 1993ರಲ್ಲಿ, ಲಿನ್-4 ಎಂಬ ವಿಚಿತ್ರ ವಂಶವಾಹಿ ಸಿಕ್ಕಿತು. ಅದರಿಂದ ಯಾವ ಪ್ರೋಟೀನೂ ತಯಾರಾಗುತ್ತಿರಲಿಲ್ಲ. ಬರೀ 22 ಅಕ್ಷರಗಳಷ್ಟು ಉದ್ದದ ಆರ್‌ಎನ್‌ಎ ತುಣುಕೊಂದು ತಯಾರಾಗುತ್ತಿತ್ತು. ಆ ತುಣುಕು ಇನ್ನೊಂದು ವಂಶವಾಹಿಯ ಕೆಲಸವನ್ನು ತಡೆಯುತ್ತಿತ್ತು. ಹುಳುವಿನಲ್ಲಿ ಏನೋ ಒಂದು ವಿಶೇಷವಿರಬೇಕು, ನಮಗೇನು ಎಂದು ಹೆಚ್ಚಿನವರು ಸುಮ್ಮನಾದರು. ಏಳು ವರ್ಷ ಹಾಗೆಯೇ ಕಳೆಯಿತು. 2000ದಲ್ಲಿ ರವ್ಕುನ್ ಅವರ ತಂಡ ಲೆಟ್-7 ಎಂಬ ಎರಡನೆಯ ತುಣುಕನ್ನು ಕಂಡುಹಿಡಿದಾಗ, ಅದು ಹುಳುವಿನಲ್ಲಿ ಮಾತ್ರವಲ್ಲ, ನೊಣದಲ್ಲಿ, ಮೀನಿನಲ್ಲಿ, ಮನುಷ್ಯನಲ್ಲೂ ಇದೆಯೆಂದು ಗೊತ್ತಾಯಿತು. ಮನುಷ್ಯನಲ್ಲಿ ಇಂಥ ಮೈಕ್ರೋ ಆರ್‌ಎನ್‌ಎಗಳ ವಂಶವಾಹಿಗಳು ಸಾವಿರಕ್ಕೂ ಹೆಚ್ಚು ಇವೆಯೆಂದು ಈಗ ತಿಳಿದಿದೆ.

ಇವು ಏನು ಮಾಡುತ್ತವೆ? ಮದುವೆ ಮನೆಯ ಅಡುಗೆಯನ್ನು ನೆನಪಿಸಿಕೊಳ್ಳಿ. ಯಜಮಾನರ ಕೋಣೆಯಲ್ಲಿ ಅಡುಗೆಗಳ ದೊಡ್ಡ ಪುಸ್ತಕ ಬೀಗ ಹಾಕಿ ಇಟ್ಟಿದೆ. ಅದು ಡಿಎನ್‌ಎ. ಪುಸ್ತಕ ಅಡುಗೆಮನೆಗೆ ಬರುವುದಿಲ್ಲ, ಅದರಿಂದ ನಕಲು ಮಾಡಿದ ಚೀಟಿಗಳು ಬರುತ್ತವೆ. ಈ ಚೀಟಿಗಳನ್ನು ವಿಜ್ಞಾನಿಗಳು ಸಂದೇಶ ಆರ್‌ಎನ್‌ಎ ಎನ್ನುತ್ತಾರೆ. ಚೀಟಿ ನೋಡಿ ಬಾವರ್ಚಿ ಮಾಡುವ ಅಡುಗೆ ಪ್ರೋಟೀನ್. ಇಷ್ಟನ್ನು ಶಾಲೆಯ ಪುಸ್ತಕದಲ್ಲಿ ಮಕ್ಕಳು ಓದುತ್ತಾರೆ. ಆದರೆ ಅಡುಗೆಮನೆಯ ಬಾಗಿಲಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಅವನು ಬರುವ ಚೀಟಿಗಳನ್ನು ನೋಡಿ, “ಇದು ಸಾಕು, ಎರಡು ದೇಗ ಆಯಿತು” ಎಂದು ಕೆಲವನ್ನು ಮಡಚಿಡುತ್ತಾನೆ, ಕೆಲವನ್ನು ಹರಿದು ಹಾಕುತ್ತಾನೆ. ಅವನೇ ಮೈಕ್ರೋ ಆರ್‌ಎನ್‌ಎ. ಅಡುಗೆ ಅವನಿಗೆ ಬರುವುದಿಲ್ಲ. ಆದರೆ ಅವನಿಲ್ಲದಿದ್ದರೆ ಬಿರಿಯಾನಿ ನೂರು ಜನರಿಗೆ ಬದಲು ಸಾವಿರ ಜನರಿಗಾಗುತ್ತದೆ. ನಮ್ಮ ಮೈಯ ಎಲ್ಲ ಜೀವಕೋಶಗಳಲ್ಲೂ ಹೆಚ್ಚುಕಡಿಮೆ ಒಂದೇ ಪುಸ್ತಕವಿದೆ. ಆದರೂ ಕಣ್ಣು ಕಣ್ಣಾಗಿ, ಕರುಳು ಕರುಳಾಗಿ ಇರಲು ಯಾವ ಚೀಟಿ ಹೊರಬರುತ್ತದೆ, ಯಾವುದನ್ನು ತಡೆಯಲಾಗುತ್ತದೆ ಎಂಬುದೇ ಕಾರಣ. ಅಲ್ಲಾಹನ ಸೃಷ್ಟಿಯ ಈ ಲೆಕ್ಕಾಚಾರ ನೋಡಿದರೆ ಸುಬ್‌ಹಾನಲ್ಲಾಹ್ ಎನ್ನದೆ ಇರಲಾಗುವುದಿಲ್ಲ.

ಈಗ ಕ್ಯಾನ್ಸರ್ ವಿಷಯ. ಮುದುಕರಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ರಕ್ತ ಕ್ಯಾನ್ಸರ್ ಇದೆ, ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ. ಈ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತಕಣಗಳಲ್ಲಿ 13ನೆಯ ಕ್ರೋಮೋಸೋಮಿನ ಒಂದು ಚಿಕ್ಕ ತುಂಡು ಕಾಣೆಯಾಗಿರುತ್ತದೆ. ಆ ತುಂಡಿನಲ್ಲಿ ಕ್ಯಾನ್ಸರನ್ನು ತಡೆಯುವ ಯಾವುದೋ ವಂಶವಾಹಿ ಇರಬೇಕೆಂದು ಸಂಶೋಧಕರು ವರ್ಷಗಟ್ಟಲೆ ಹುಡುಕಿದರು. ಪ್ರೋಟೀನ್ ಮಾಡುವ ವಂಶವಾಹಿಗಳನ್ನೆಲ್ಲ ಜಾಲಾಡಿದರೂ ಅಪರಾಧಿ ಸಿಗಲಿಲ್ಲ. ಕೊನೆಗೆ 2002ರಲ್ಲಿ ಜಾರ್ಜ್ ಕ್ಯಾಲಿನ್, ಕಾರ್ಲೊ ಕ್ರೋಚೆ ಮತ್ತು ಅವರ ಸಂಗಡಿಗರು ಅಲ್ಲಿ ಎರಡು ಮೈಕ್ರೋ ಆರ್‌ಎನ್‌ಎಗಳು ಕುಳಿತಿರುವುದನ್ನು ತೋರಿಸಿದರು: ಮಿರ್-15 ಮತ್ತು ಮಿರ್-16. ಅವರು ಪರೀಕ್ಷಿಸಿದ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರಲ್ಲಿ ಈ ಎರಡು ಕಳೆದುಹೋಗಿದ್ದವು ಅಥವಾ ಕಡಿಮೆಯಾಗಿದ್ದವು. ಮೈಕ್ರೋ ಆರ್‌ಎನ್‌ಎಗೂ ಕ್ಯಾನ್ಸರ್‌ಗೂ ಸಂಬಂಧವಿದೆಯೆಂದು ಮೊದಲು ಗೊತ್ತಾದದ್ದು ಹೀಗೆ.

ಅವು ಇಲ್ಲದಿದ್ದರೆ ಏನಾಗುತ್ತದೆ ಎಂಬುದು 2005ರಲ್ಲಿ ತಿಳಿಯಿತು. ನಮ್ಮ ರಕ್ತಕಣಗಳಿಗೆ ಒಂದು ಆಯುಷ್ಯವಿದೆ. ಅದು ಮುಗಿದಾಗ ಅವು ತಾವೇ ಸಾಯಬೇಕು. ಬಿಸಿಎಲ್-2 ಎಂಬ ಪ್ರೋಟೀನ್ ಈ ಸಾವನ್ನು ತಡೆಯುತ್ತದೆ. ಮಿರ್-15 ಮತ್ತು 16 ಬಿಸಿಎಲ್-2ರ ಚೀಟಿಗಳನ್ನು ಹತೋಟಿಯಲ್ಲಿಡುತ್ತವೆ. ಬಾಗಿಲ ಕಾವಲಿನವರು ಇಲ್ಲವಾದಾಗ ಬಿಸಿಎಲ್-2 ಮಿತಿಮೀರುತ್ತದೆ, ಸಾಯಬೇಕಾದ ಕಣಗಳು ಸಾಯದೆ ಗುಂಪು ಕಟ್ಟುತ್ತವೆ. ಈ ಬಿಸಿಎಲ್-2 ಅನ್ನೇ ಕಟ್ಟಿಹಾಕುವ ವೆನೆಟೊಕ್ಲ್ಯಾಕ್ಸ್ ಎಂಬ ಮಾತ್ರೆಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂದು ಈ ರೋಗದ ಮುಖ್ಯ ಔಷಧಗಳಲ್ಲಿ ಅದು ಒಂದು.

ನಾನು ಈ ಕಥೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಕಾಣೆಯಾದ ಆ ತುಂಡು ರೋಗಿಯ ಕೆಟ್ಟ ರಕ್ತಕಣಗಳಲ್ಲಿ ಮಾತ್ರ ಕಾಣೆಯಾಗಿರುತ್ತದೆ. ಸಾಮಾನ್ಯವಾಗಿ ಅವರ ಚರ್ಮದಲ್ಲಿ, ಲಿವರಿನಲ್ಲಿ, ಮಕ್ಕಳಿಗೆ ದಾಟುವ ಬೀಜಕೋಶಗಳಲ್ಲಿ ಅದು ಸರಿಯಾಗಿಯೇ ಇರುತ್ತದೆ. ಅದು ಹುಟ್ಟಿದ ಮೇಲೆ, ಎಷ್ಟೋ ವರ್ಷಗಳ ನಂತರ, ಒಂದು ಕಣದಲ್ಲಿ ಆದ ಹಾನಿ. ಕೆಲವು ಕುಟುಂಬಗಳಲ್ಲಿ ಈ ರೋಗ ಒಬ್ಬರಿಗಿಂತ ಹೆಚ್ಚು ಮಂದಿಗೆ ಬರುವುದುಂಟು, ಸುಳ್ಳು ಹೇಳಬಾರದು. ಆದರೆ ತಂದೆಯ ರಕ್ತಕಣದಲ್ಲಿ ಕಳೆದುಹೋದ ಆ ತುಂಡು ಮೀರಾಸ್ ಆಸ್ತಿಯಂತೆ ಮಕ್ಕಳಿಗೆ ಪಾಲಾಗಿ ಬರುವುದಿಲ್ಲ. ಎಲ್ಲ ಕ್ಯಾನ್ಸರ್‌ಗಳನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ, ಹುಟ್ಟಿನಿಂದಲೇ ಬಂದ ವಂಶವಾಹಿ ದೋಷದಿಂದ ಆಗುವವು 100ಕ್ಕೆ 5ರಿಂದ 10 ಮಾತ್ರ. ಉಳಿದವು ವಯಸ್ಸು, ಅಭ್ಯಾಸ, ಸೋಂಕು, ಪರಿಸರ ಮತ್ತು ನಮಗೆ ಹೇಳಲಾಗದ ಕಾರಣಗಳಿಂದ ಬದುಕಿನ ದಾರಿಯಲ್ಲಿ ಆಗುವಂಥವು.

ಇದೇ ರೀತಿ ಇನ್ನೂ ಹಲವು ಕ್ಯಾನ್ಸರ್‌ಗಳಲ್ಲಿ ಬಾಗಿಲ ಕಾವಲು ಕೆಟ್ಟಿರುವುದು ಕಂಡುಬಂದಿದೆ. ಲೆಟ್-7 ಎಂಬುದು ರಾಸ್ ಎಂಬ ವಂಶವಾಹಿಯನ್ನು ಹಿಡಿತದಲ್ಲಿಡುತ್ತದೆ. ಕಣಗಳಿಗೆ ‘ಬೆಳೆ, ಬೆಳೆ’ ಎಂದು ಹೇಳುವುದು ರಾಸ್. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಅನೇಕ ವೇಳೆ ಲೆಟ್-7 ಕಡಿಮೆಯಾಗಿರುತ್ತದೆ. ಇದಕ್ಕೆ ವಿರುದ್ಧವಾದ ಮೋಸವೂ ಇದೆ. ಮಿರ್-21 ಎಂಬುದು ಸ್ತನ, ಶ್ವಾಸಕೋಶ, ಕರುಳು, ಬಾಯಿ ಹೀಗೆ ಹಲವು ಕಡೆಯ ಗಡ್ಡೆಗಳಲ್ಲಿ ಅತಿಯಾಗಿರುತ್ತದೆ. ಅದು ಹರಿದು ಹಾಕುವುದು ‘ಸಾಕು, ನಿಲ್ಲಿಸು’ ಎಂದು ಬರೆದ ಚೀಟಿಗಳನ್ನು. ಕಾವಲುಗಾರನೇ ಕಳ್ಳನ ಜೊತೆ ಸೇರಿದ ಹಾಗೆ.

ಈ ಕಾವಲು ಕೆಡಿಸುವುದರಲ್ಲಿ ನಮ್ಮ ಕೈಯೂ ಇದೆ. ಸಿಗರೇಟು ಸೇದುವವರ ಶ್ವಾಸನಾಳದ ಕಣಗಳಲ್ಲಿ, ಇನ್ನೂ ಯಾವ ರೋಗವೂ ಕಾಣಿಸಿಕೊಳ್ಳುವ ಮೊದಲೇ, ಮೈಕ್ರೋ ಆರ್‌ಎನ್‌ಎಗಳ ಪ್ರಮಾಣ ಬದಲಾಗಿರುವುದನ್ನು ಸಂಶೋಧಕರು ಅಳೆದಿದ್ದಾರೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್ ಬಾಯಿಯದ್ದು. ಅದರ ಮುಖ್ಯ ಕಾರಣ ತಂಬಾಕು ಮತ್ತು ಅಡಿಕೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಅಂಗಡಿಯವನು ಈಗ ಪಾನ್ ಮಸಾಲೆಯ ಪ್ಯಾಕೆಟ್ ಒಂದು, ತಂಬಾಕಿನ ಪ್ಯಾಕೆಟ್ ಒಂದು ಕೊಡುತ್ತಾನೆ. ಕೊಂಡವನು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ಅಲ್ಲಿಗೆ ಕಾನೂನೂ ಉಳಿಯಿತು, ಗುಟ್ಕಾವೂ ಉಳಿಯಿತು. ತಂಬಾಕು ಹಾಕದ ಬರೀ ಎಲೆ ಅಡಿಕೆಗೆ ತೊಂದರೆಯಿಲ್ಲ ಎಂದು ಹೇಳುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸುಮಾರು ಎರಡು ದಶಕಗಳ ಹಿಂದೆಯೇ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಯಲ್ಲಿ ಸೇರಿಸಿದೆ. ಈ ಪತ್ರಿಕೆಯ ಓದುಗರಲ್ಲಿ ಅಡಿಕೆ ತೋಟ ಇರುವವರು, ಅಡಿಕೆ ವ್ಯಾಪಾರದಲ್ಲಿ ಇರುವವರು ಇದ್ದಾರೆ, ಅವರಿಗೆ ಈ ಮಾತು ಹಿತವಾಗದು ಎಂದು ಗೊತ್ತು. ಆದರೆ ಬಾಯಿ ಮೂರು ಬೆರಳಷ್ಟೂ ತೆರೆಯಲಾಗದೆ, ಒಂದು ತುತ್ತು ಅನ್ನಕ್ಕೆ ಕಣ್ಣೀರು ಹಾಕುವ ಇಪ್ಪತ್ತೈದರ ಹುಡುಗನನ್ನು ಕಂಡವರು ಇದನ್ನು ಬರೆಯದೆ ಇರಲಾರರು.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಹೆಣ್ಣಿನ ತಾಯಿಗೆ ದೊಡ್ಡ ಕಾಯಿಲೆ ಇದೆಯೇ ಎಂದು ಕೇಳುವವರು, ವರನ ಜೇಬಿನಲ್ಲಿ ದಿನಕ್ಕೆ ಎಷ್ಟು ಪ್ಯಾಕೆಟ್ ಖಾಲಿಯಾಗುತ್ತದೆ ಎಂದು ಕೇಳಿಸಿಕೊಳ್ಳಲು ತಯಾರಿಲ್ಲ. ಹಲ್ಲು ಕೆಂಪಾಗಿದ್ದರೂ “ಹುಡುಗ ಒಳ್ಳೆಯವನು, ಸ್ವಲ್ಪ ಪಾನ್ ತಿನ್ನುತ್ತಾನೆ ಅಷ್ಟೇ”. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆ ಮನೆಗೆ ಕ್ಯಾನ್ಸರ್ ತರುವ ಸಾಧ್ಯತೆ ಯಾರಿಗೆ ಹೆಚ್ಚು? ತಾಯಿಗೆ ರೋಗವಾಗಿದ್ದ ಹುಡುಗಿಗೋ, ಜೇಬಿನಲ್ಲಿ ಪ್ಯಾಕೆಟ್ ಇಟ್ಟುಕೊಂಡ ಹುಡುಗನಿಗೋ?

ಹಾಗಾದರೆ ವಂಶದಲ್ಲಿ ಬರುವ ಕ್ಯಾನ್ಸರ್ ಇಲ್ಲವೇ ಇಲ್ಲವೇ? ಇದೆ. ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಎಂಬ ವಂಶವಾಹಿಗಳಲ್ಲಿ ಹುಟ್ಟಿನಿಂದಲೇ ದೋಷವಿರುವ ಹೆಂಗಸರಲ್ಲಿ 100ಕ್ಕೆ 60ಕ್ಕೂ ಹೆಚ್ಚು ಮಂದಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಂಭವವಿದೆ, ಅಂಡಾಶಯದ ಕ್ಯಾನ್ಸರ್‌ನ ಅಪಾಯವೂ ಹೆಚ್ಚು. ಮೈಕ್ರೋ ಆರ್‌ಎನ್‌ಎಗಳನ್ನು ಕತ್ತರಿಸಿ ತಯಾರು ಮಾಡುವ ಡೈಸರ್ ಎಂಬ ಪ್ರೋಟೀನಿನ ವಂಶವಾಹಿಯಲ್ಲೇ ದೋಷವಿದ್ದು, ಚಿಕ್ಕ ಮಕ್ಕಳಲ್ಲಿ ಶ್ವಾಸಕೋಶದ ಅಪರೂಪದ ಗಡ್ಡೆ ಬರುವ ಕುಟುಂಬಗಳೂ ಇವೆ. ಬಹಳ ಅಪರೂಪ, ಆದರೆ ಇವೆ. ಇಂಥ ದೋಷ ತಾಯಿಯಿಂದ ಬಂದಷ್ಟೇ ತಂದೆಯ ಕಡೆಯಿಂದಲೂ ಬರುತ್ತದೆ ಎಂಬುದನ್ನು ನಮ್ಮವರು ಮರೆಯುತ್ತಾರೆ. ಅಜ್ಜಿಗೆ, ತಂದೆಯ ಅಕ್ಕನಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ ಅದು ಮಗನ ಮೂಲಕ ಮೊಮ್ಮಗಳಿಗೆ ದಾಟಿರಬಹುದು. ಮಗನಿಗೆ ಏನೂ ಆಗದೆಯೂ ಇರಬಹುದು.

ವಂಶದಲ್ಲಿ ಬರುವ ಕ್ಯಾನ್ಸರ್ ಇದೆಯೆಂದಾದರೆ ಮುಚ್ಚಿಡುವುದೇ ಸರಿಯಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜದಲ್ಲಿ ಮುಚ್ಚಿಡುವುದರಿಂದ ಅತಿ ಹೆಚ್ಚು ಹಾನಿಯಾಗುವುದು ಇಂಥ ಕುಟುಂಬಗಳಿಗೇ. ಯಾರಿಗೆ ಏನಾಗಿತ್ತೆಂದು ಗೊತ್ತಿದ್ದರೆ ಮನೆಯ ಹೆಣ್ಣುಮಕ್ಕಳು ಬೇಗನೆ ತಪಾಸಣೆ ಶುರು ಮಾಡಬಹುದು, ಬೇಕಾದರೆ ವಂಶವಾಹಿ ಪರೀಕ್ಷೆ ಮಾಡಿಸಬಹುದು, ರೋಗ ಬಂದರೂ ಮೊದಲ ಹಂತದಲ್ಲೇ ಹಿಡಿಯಬಹುದು. “ಅಜ್ಜಿ ಹೊಟ್ಟೆನೋವಿನಿಂದ ಹೋದರು” ಎಂದು ಎರಡು ತಲೆಮಾರು ಹೇಳಿಕೊಂಡು ಬಂದರೆ ಯಾವ ವೈದ್ಯರು ಏನು ಮಾಡಿಯಾರು?

ಮದುವೆಗೆ ಮುಂಚೆ ರಕ್ತದ ಬಗ್ಗೆ ಕೇಳಲೇಬೇಕೆಂದಿದ್ದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ, ವಿಶೇಷವಾಗಿ ಸಂಬಂಧದೊಳಗೆ ಮದುವೆಯಾಗುವವರಲ್ಲಿ. ಅದು ಥಲಸ್ಸೀಮಿಯಾ. ಹುಡುಗ ಹುಡುಗಿ ಇಬ್ಬರೂ ಅದರ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಗಂಭೀರ ಕಾಯಿಲೆ ಬರುವ ಸಾಧ್ಯತೆ ಇರುತ್ತದೆ. ಆ ಮಗು ಬದುಕಿರುವವರೆಗೆ ರಕ್ತ ಹಾಕಿಸಿಕೊಳ್ಳುತ್ತಲೇ ಇರಬೇಕಾಗುತ್ತದೆ. ವಾಹಕರಿಗೆ ತಮಗೆ ಅದು ಇರುವುದೇ ತಿಳಿದಿರುವುದಿಲ್ಲ. ಒಂದು ರಕ್ತ ಪರೀಕ್ಷೆಯಲ್ಲಿ ಇದು ತಿಳಿಯುತ್ತದೆ. ಆದರೆ ಇದನ್ನು ಕೇಳುವ ಒಬ್ಬ ಹಿರಿಯ ಹೆಂಗಸನ್ನೂ ನಾನು ಕಂಡಿಲ್ಲ.

ನೊಬೆಲ್ ಬಂದಾಗಿನಿಂದ ವಾಟ್ಸ್ಆ್ಯಪ್‌ನಲ್ಲಿ ಮೈಕ್ರೋ ಆರ್‌ಎನ್‌ಎ ಹೆಸರಿನ ಸಂದೇಶಗಳು ಸುತ್ತುತ್ತಿವೆ. ಒಂದು ತೊಟ್ಟು ರಕ್ತದಲ್ಲಿ ಎಲ್ಲ ಕ್ಯಾನ್ಸರ್ ಪತ್ತೆ ಎಂದು ಒಂದು, ಕಲೋಂಜಿ ತಿಂದರೆ ಕ್ಯಾನ್ಸರ್‌ನ ಸ್ವಿಚ್ ಆಫ್ ಎಂದು ಇನ್ನೊಂದು. ಮೈಕ್ರೋ ಆರ್‌ಎನ್‌ಎಗಳು ರಕ್ತದಲ್ಲಿ ಹರಿದಾಡುತ್ತವೆ ಎಂಬುದು ನಿಜ, ಅವುಗಳಿಂದ ರೋಗ ಪತ್ತೆ ಮಾಡುವ ಪ್ರಯತ್ನಗಳು ಜಗತ್ತಿನಾದ್ಯಂತ ನಡೆದಿವೆ. ಆದರೆ ಇಂದು ಗಂಟು ಕಂಡವರಿಗೆ ಬೇಕಾದದ್ದು ಸ್ಕ್ಯಾನ್ ಮತ್ತು ಬಯಾಪ್ಸಿ, ಜಾಹೀರಾತಿನ ಪ್ಯಾಕೇಜ್ ಅಲ್ಲ. ಕಲೋಂಜಿಯ ಮೇಲೆ ನನಗೂ ಗೌರವವಿದೆ, ಮನೆಯಲ್ಲಿ ಬಳಸುತ್ತೇವೆ. ಅದರ ಸಾರವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕಣಗಳ ಮೇಲೆ ಹಾಕಿ ನೋಡಿದ್ದಾರೆ, ಕೆಲವು ಬದಲಾವಣೆಗಳೂ ಕಂಡಿವೆ. ತಟ್ಟೆ ಬೇರೆ, ಮನುಷ್ಯನ ಮೈ ಬೇರೆ. ಈ ಅಂತರ ಎಷ್ಟು ದೊಡ್ಡದೆಂಬುದಕ್ಕೆ ಮೈಕ್ರೋ ಆರ್‌ಎನ್‌ಎಯದ್ದೇ ಉದಾಹರಣೆಯಿದೆ. ಮಿರ್-34 ಎಂಬುದು ಕ್ಯಾನ್ಸರನ್ನು ತಡೆಯುವ ಒಳ್ಳೆಯ ಕಾವಲುಗಾರ. ಅದನ್ನೇ ಔಷಧವಾಗಿ ತಯಾರಿಸಿ, ಇಲಿಗಳಲ್ಲಿ ಗೆದ್ದು, 2013ರಲ್ಲಿ ರೋಗಿಗಳಿಗೆ ಕೊಡಲು ಶುರು ಮಾಡಿದರು. ಕೆಲವರಲ್ಲಿ ಗಡ್ಡೆ ಕುಗ್ಗಿತು. ಆದರೆ ದೇಹದ ರೋಗನಿರೋಧಕ ವ್ಯವಸ್ಥೆ ಕೆರಳಿ ನಾಲ್ವರು ತೀರಿಕೊಂಡರು. 2016ರಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ದೊಡ್ಡ ದೊಡ್ಡ ವಿಜ್ಞಾನಿಗಳು, ಅಷ್ಟೊಂದು ಹಣ, ಅಷ್ಟೊಂದು ಎಚ್ಚರ, ಆದರೂ ಹೀಗಾಯಿತು. ಒಂದು ಚಮಚ ಎಣ್ಣೆ ಅದನ್ನು ಮಾಡುತ್ತದೆ ಎಂದು ಫಾರ್ವರ್ಡ್ ಮಾಡುವ ಮೊದಲು, ಅದನ್ನು ನಂಬಿ ಕೀಮೋ ಬಿಡುವ ಒಬ್ಬ ತಾಯಿಯ ಹೊಣೆ ಯಾರದೆಂದು ಯೋಚಿಸಿ. ರೋಗ ಬಂದಾಗ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ) ಅವರು ಕಲಿಸಿದ್ದನ್ನು ನಾವು ಜುಮುಆ ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿಲ್ಲ?

ಖುತ್ಬಾದ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಜಮಾಅತ್‌ಗಳು ಮನಸ್ಸು ಮಾಡಿದರೆ ಈ ಗುಟ್ಟಿನ ಸಂಪ್ರದಾಯ ಬೇಗ ಸಡಿಲವಾಗುತ್ತದೆ. ಕ್ಯಾನ್ಸರ್ ಕಳಂಕವಲ್ಲ, ಅದರ ಕಾರಣಕ್ಕೆ ಸಂಬಂಧ ಮುರಿಯುವುದು ಅನ್ಯಾಯ ಎಂದು ಖತೀಬರು ಒಮ್ಮೆ ಮಿಂಬರಿನಿಂದ ಹೇಳಲಿ. ನಿಕಾಹ್ ದಾಖಲಿಸುವ ಕಚೇರಿಯಲ್ಲಿ ಥಲಸ್ಸೀಮಿಯಾ ಪರೀಕ್ಷೆಯ ಬಗ್ಗೆ ಒಂದು ಚೀಟಿ ಅಂಟಿಸಲಿ. ಮದರಸದ ಹಾಲ್‌ನಲ್ಲಿ ವರ್ಷಕ್ಕೊಮ್ಮೆ ಹೆಂಗಸರಿಗೆ ಮಹಿಳಾ ವೈದ್ಯರಿಂದ, ಗಂಡಸರಿಗೆ ದಂತವೈದ್ಯರಿಂದ ಬಾಯಿ ತಪಾಸಣೆ ಸೇರಿಸಿ ಶಿಬಿರ ನಡೆಯಲಿ. ಇದಕ್ಕೆ ಹೆಚ್ಚು ಹಣ ಬೇಡ. ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಕಷ್ಟ, ಎದೆಯಲ್ಲಿ ನೋವಿಲ್ಲದ ಗಂಟು, ಇವನ್ನು ಕಂಡ ಕೂಡಲೇ ತೋರಿಸಬೇಕೆಂಬುದು ಮನೆಮಾತಾದರೆ ಸಾಕು.

ಆ ತಾಯಿಯ ಚಿಕಿತ್ಸೆ ಶುರುವಾದಾಗ ವೈದ್ಯರು, ವಯಸ್ಸು ಐವತ್ತಕ್ಕಿಂತ ಕಡಿಮೆಯೆಂದು, ವಂಶವಾಹಿ ಪರೀಕ್ಷೆಯನ್ನೂ ಮಾಡಿಸಿದರು. ಎರಡೂ ಕಡೆಯ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರ ಪಟ್ಟಿ ಬರೆಸಿಕೊಂಡರು. ವರದಿ ಬರಲು ಕೆಲವು ವಾರ ಹಿಡಿಯಿತು. ಹುಡುಕಿದ ವಂಶವಾಹಿಗಳಲ್ಲಿ ಯಾವ ದೋಷವೂ ಇರಲಿಲ್ಲ. ಮಕ್ಕಳಿಗೆ ದಾಟಬಹುದೆಂದು ಅವರು ಎಂಟು ತಿಂಗಳು ಬಚ್ಚಿಟ್ಟದ್ದು ಅವರಲ್ಲಿ ಕಾಣಲೇ ಇಲ್ಲ. ವರದಿಯನ್ನು ಓದಿ ಹೇಳಿದಾಗ ಅವರು ಅಲ್‌ಹಮ್ದುಲಿಲ್ಲಾಹ್ ಎಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ಎರಡನೆಯ ಮಗಳಿಗೆ ಸಂಬಂಧ ಬಂದಾಗ, ಕೇಳುವ ಮೊದಲೇ, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ತಾವೇ ಹೇಳಿದರು: “ನನಗೆ ಎದೆಯ ಕ್ಯಾನ್ಸರ್ ಆಗಿದೆ, ಮದ್ದು ನಡೆಯುತ್ತಿದೆ.” ಬಂದವರು ಮತ್ತೆ ಬರಲಿಲ್ಲ. ಅದರ ನಂತರ ಬಂದವರು ಬಂದರು. ಆ ಹುಡುಗನ ತಾಯಿ ಕೇಳಿದ್ದು ಒಂದೇ ಮಾತು, ಕೀಮೋ ಯಾವ ಯಾವ ದಿನ ಇದೆ ಹೇಳಿ, ಆ ದಿನ ಬಿಟ್ಟು ನಿಕಾಹ್ ಇಟ್ಟುಕೊಳ್ಳೋಣ ಎಂದು.